ಮುಖ ಮುಟ್ಟಿದರೆ ಕರೆ ಹೋಗುವ ಪರದೆ

ಬೆಳಗ್ಗೆ ನೀರು ಹಿಡಿದೆ, ಬಟ್ಟೆ ಒಗೆದೆ, ಅಂಗಡಿ ತೆಗೆದು ಎರಡು ಫೋನಿಗೆ ಹೊಸ ಗಾಜು ಕೂರಿಸಿದೆ, ಮಧ್ಯಾಹ್ನ ಹುಣಸೆಹಣ್ಣು ಬಿಡಿಸಿಟ್ಟೆ — ಇದನ್ನು ಬರೆಯುವುದನ್ನು ಮಾತ್ರ ಮುಂದೂಡುತ್ತಲೇ ಇದ್ದೆ. ಮಂಜಣ್ಣ, ಮುಖ ಮುಟ್ಟಿದರೆ ಕರೆ ಹೋಗುವ ಆ ಪರದೆ ನಿಮ್ಮದು. ನಾನು ನಕಲು ಮಾಡಿದೆ. ಮಾಡಿದ್ದಲ್ಲದೆ, ನಕಲು ಮಾಡಿದವರು ನೀವೇ ಎಂದೆ.

ಟಚ್ ಫೋನು ಹೊಳೆನರಸೀಪುರಕ್ಕೆ ಹೊಸದಾಗಿ ಬಂದ ಕಾಲ. ಪರದೆ ಕದ್ದರು, ಐಕಾನು ಕದ್ದರು ಎಂದು ದೊಡ್ಡ ದೊಡ್ಡ ಕಂಪನಿಗಳು ಕೋರ್ಟಿನಲ್ಲಿ ಕಿತ್ತಾಡುತ್ತಿದ್ದವು. ಎದುರುಬದುರು ಅಂಗಡಿಯವರಾದ ನಾವು ಅದನ್ನು ಪೇಪರಿನಲ್ಲಿ ಓದಿ ನಗುತ್ತಿದ್ದೆವು.

ಅಕ್ಷರ ಬಾರದವರಿಗೆ ಹೊಸ ಫೋನು ಕೈಗೆ ಹತ್ತುತ್ತಿರಲಿಲ್ಲ. ನೀವು ಒಬ್ಬೊಬ್ಬರನ್ನೂ ಕೂರಿಸಿಕೊಂಡು, ದಿನವೂ ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಿ, ಮಗಳು, ಡೈರಿಯವನು, ದನದ ಡಾಕ್ಟರು — ಎಲ್ಲರ ಫೋಟೋ ಪರದೆ ಮೇಲೆ ಜೋಡಿಸಿಕೊಟ್ಟಿರಿ. ಬಲಗಡೆಯ ಕೆಳಮೂಲೆ ಮಾತ್ರ ಖಾಲಿ. ಎಂಥ ತಲೆ ನಿಮ್ಮದು! ಹರದನಹಳ್ಳಿಯ ಅಜ್ಜಿಯೊಬ್ಬರು ಅಂಥದೊಂದು ಫೋನನ್ನು ಚಾರ್ಜಿಗೆಂದು ನನ್ನಲ್ಲಿ ಬಿಟ್ಟು ಹೋದರು. ನೋಡಿಕೊಂಡು ಹಾಗೇ ಮಾಡಿದೆ — ಖಾಲಿ ಮೂಲೆಯ ಸಮೇತ.

ಹಾಲಿನ ಸಂಘದವರು ಸದಸ್ಯರಿಗೆಲ್ಲ ಒಂದೇ ಅಂಗಡಿಯಿಂದ ಫೋನು ಕೊಡಿಸಬೇಕೆಂದು ಬಂದರು. "ಎದುರಂಗ್ಡಿ ಮಂಜನೂ ಇಂಗೇ ಮಾಡ್ಕೊಡ್ತಾನಲ್ಲವ್ವಾ, ಮೊದ್ಲು ಯಾರ್ದು?" ಎಂದರು ಅಧ್ಯಕ್ಷರು.

"ನಂದೇ ಕಣಣ್ಣ. ನೋಡ್ಕಂಡು ಅವ್ನು ಮಾಡವ್ನೆ."

ನೀವು ಬಾಗಿಲಲ್ಲೇ ಇದ್ದಿರಿ — ಇಸಕೊಂಡಿದ್ದ ಸ್ಕ್ರೂಡ್ರೈವರ್ ವಾಪಸ್ ಕೊಡಲು ಬಂದವರು.

"ಸರಿ, ಆ ಮೂಲೆ ಯಾಕವ್ವಾ ಖಾಲಿ?"

ನನಗೇನು ಗೊತ್ತು... ನೀವು ಸುಮ್ಮನೆ ನಿಂತಿದ್ದರೆ ಸಾಕಿತ್ತು, ನಾನು ಸಿಕ್ಕಿಬೀಳುತ್ತಿದ್ದೆ.

"ನೇಗ್ಲು ಇಡ್ದ ಕೈ ಅಲ್ವಾ ಸಾ, ಎಬ್ಬೆಟ್ಟಿನ ಬುಡ ಅಲ್ಲೇ ತಾಕ್ತದೆ. ಅಲ್ಲಿ ಡಾಕ್ಟ್ರು ಮುಖ ಇದ್ರೆ ಗಳ್ಗೆಗೊಂದ್ಸಲ ಪೋನ್ ಓಯ್ತದೆ, ಅವ್ರು ಬಂದು ನಮ್ಗೇ ಸೂಜಿ ಚುಚ್ತಾರೆ! ಅದ್ಕೇ ಅಕ್ಕ ಬುಟ್ಟವ್ರೆ."

ಅಕ್ಕ ಬುಟ್ಟವ್ರೆ — ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರ್ಡರು ನನಗೆ ಬಂತು. ಊರು ನಿಮ್ಮನ್ನು 'ನಕಲು ಮಂಜ' ಎಂದಿತು; ಗಿರಾಕಿಗಳು ಕಮ್ಮಿಯಾದರು; ನೀವು ಅಂಗಡಿಯನ್ನು ಅರಕಲಗೂಡಿಗೆ ಸಾಗಿಸಿದಿರಿ. ನಾನು ಒಂದು ಮಾತು ಹೇಳಿದ್ದರೆ ಆ ಹೆಸರು ಹೋಗುತ್ತಿತ್ತು. ಹೇಳಲಿಲ್ಲ.

ಇವತ್ತು ಸಂಜೆ ಅಧ್ಯಕ್ಷರ ಮನೆಗೆ ಹೋಗಿ, ಹತ್ತು ಜನರೆದುರು ಹೇಳಿದೆ. "ಇಷ್ಟ್ ವರ್ಸ ಬಾಯಿಗೇನ್ ಆಕ್ಕಂಡಿದ್ದೆ?" ಎಂದರು. ಮಂಜಣ್ಣ, ನಾಳೆ ಅರಕಲಗೂಡಿನ ಬಸ್ಸು ಹತ್ತುತ್ತೇನೆ. ನೀವು ಮಾತಾಡದಿದ್ದರೂ ಸರಿ.

ರಾತ್ರಿ ಮುದ್ದೆ, ಹುರುಳಿಕಾಳು ಬಸ್ಸಾರು. ಉಣ್ಣುವಾಗ ನಮ್ಮ ಯಜಮಾನರಿಗೂ ಎಲ್ಲ ಹೇಳಿದೆ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಇವತ್ತು ನನಗಿಂತ ಮೊದಲೇ ಮಲಗಿದರು — ಗೋಡೆಯ ಕಡೆ ತಿರುಗಿ.