ವೈನಿಯ ತಲೆನೋವು

ಮೊನ್ನೆ ವಾರ್ಡಿನಲ್ಲಿ ಬಾಣಂತಿಯೊಬ್ಬಳ ಕೂದಲಿನಿಂದ ಅಜವಾನದ ಹೊಗೆಯ ವಾಸನೆ ಬಂತು. ನಾಡಿ ನೋಡುತ್ತಿದ್ದ ನನಗೆ ಎಣಿಕೆ ತಪ್ಪಿತು. ಇಂಡಿ ಊರಿನಲ್ಲಿ ನಮ್ಮ ಬಾಜೂ ಮನೆಯ ಸೊಸೆ ನೆನಪಾದಳು. ಆಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆ ಅದು. ಓಣಿಯ ಅರ್ಧ ಹೆಂಗಸರ ಕುಪ್ಪಸಗಳನ್ನು ವೈನಿಯೇ ಹೊಲಿಯುತ್ತಿದ್ದಳು. ಚೊಚ್ಚಲ ಹೆರಿಗೆ ವಿಜಾಪುರದಲ್ಲಿ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸಿಜೇರಿಯನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ತಾಯಿ ಇಲ್ಲದವಳು, ಬಾಣಂತನವೂ ಗಂಡನ ಮನೆಯಲ್ಲೇ. ಆಸ್ಪತ್ರೆಯಲ್ಲಿ ಸಣ್ಣಗೆ ಶುರುವಾಗಿದ್ದ ತಲೆನೋವು ಮನೆಗೆ ಬಂದ ಮೇಲೆ ಜೋರಾಯಿತು.

ನಾನಾಗ ನರ್ಸಿಂಗ್ ಮೊದಲ ವರ್ಷ, ರಜೆಗೆ ಬಂದಿದ್ದೆ. ವೈನಿಯ ಅತ್ತೆ ನನ್ನನ್ನು ಕರೆದರು.

"ನೀ ಶಾಣ್ಯಾಕಿ, ಡಾಕ್ಟರ್ ಕೆಲಸ ಕಲಿಯಾಕತ್ತಿ. ಇಕಿಗೆ ಖರೇನ ನೋವೈತೋ, ನಾಟಕ ಮಾಡಾಕತ್ತಾಳೋ ನೋಡವಾ."

"ಮಲಗಿದ್ರ ಏನೂ ಇಲ್ಲ. ಎದ್ದು ಕುಂತ್ರ ತಲಿ ಸೀಳಿದಂಗ ಆಗ್ತೈತಿ," ಎಂದಳು ವೈನಿ.

ಬಾಣಂತಿಗೆಂದು ಅಜವಾನದ ಹೊಗೆ ಹಾಕಿದ್ದ ಆ ಕೋಣೆಯಲ್ಲಿ ನಾನು ಆಕೆಯ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು...

"ಏನೂ ಇಲ್ಲರಿ ಕಾಕು, ನಿಶ್ಶಕ್ತಿ ಅಷ್ಟ. ಎದ್ದು ಅಡ್ಡಾಡಿದ್ರ ಆರಾಮ ಆಗ್ತಾರ," ಎಂದುಬಿಟ್ಟೆ.

ಮರುದಿನದಿಂದ ಆಕೆಯನ್ನು ಎಬ್ಬಿಸಿ ಕೂರಿಸತೊಡಗಿದರು. ವೈನಿ ಗೋಡೆ ಹಿಡಿದು ಓಡಾಡಿದಳು, ವಾಂತಿ ಮಾಡಿಕೊಂಡಳು. ನಾನು ಹಾಸ್ಟೆಲಿಗೆ ಮರಳಿದೆ. ವಾರದ ಮೇಲೆ ಅವ್ವ ಫೋನಿನಲ್ಲಿ ಹೇಳಿದಳು: ವೈನಿಗೆ ಒಂದು ಎರಡಾಗಿ ಕಾಣುತ್ತಿದೆ, ಮತ್ತೆ ವಿಜಾಪುರಕ್ಕೆ ಒಯ್ದಿದ್ದಾರೆ. ಅಲ್ಲಿ ತಲೆನೋವು ನಿಂತಿತು. ಆದರೆ ಒಂದು ಕಣ್ಣಿನ ಗುಡ್ಡೆ ಮೂಗಿನ ಕಡೆಗೆ ಸರಿದದ್ದು ಪೂರ್ತಿ ಸರಿಹೋಗಲೇ ಇಲ್ಲ. ಹೊಲಿಗೆ ಯಂತ್ರ ಮೂಲೆ ಸೇರಿತು.

ಮುಂದಿನ ವರ್ಷ ತರಗತಿಯಲ್ಲಿ ಮೇಡಂ ಹೇಳಿದರು: ಬೆನ್ನಿಗೆ ಸೂಜಿ ಚುಚ್ಚಿದ ತೂತಿನಿಂದ ಒಳಗಿನ ನೀರು ಸೋರಿದರೆ ಕೂತಾಗ ತಲೆ ಸಿಡಿಯುತ್ತದೆ, ಮಲಗಿದರೆ ತಗ್ಗುತ್ತದೆ, ಬೇಗ ಆಸ್ಪತ್ರೆಗೆ ತಂದರೆ ಉಪಾಯವಿದೆ, ಹಾಗೇ ಬಿಟ್ಟರೆ ಕಣ್ಣಿನ ನರಕ್ಕೂ ಪೆಟ್ಟಾಗಬಹುದು. ವೈನಿ ಇದನ್ನೇ ಅಲ್ಲವೇ ನನಗೆ ಹೇಳಿದ್ದು...

ನೌಕರಿ ಸಿಕ್ಕ ಮೇಲೆ, ತಪ್ಪು ಒಪ್ಪಿಕೊಳ್ಳಬೇಕೆಂದೇ ಆಕೆಯ ಮನೆಗೆ ಹೋದೆ. ವೈನಿ ಕತ್ತು ಓರೆ ಮಾಡಿ ನನ್ನ ಗುರುತು ಹಿಡಿದಳು. ಚಹಾ ಕೊಟ್ಟು ಮಗಳನ್ನು ಕರೆದಳು.

"ನೀ ಹುಟ್ಟಿದಾಗ ನಾ ಭಾಳ ತ್ರಾಸ ಪಟ್ಟೆ. ಆವಾಗ ಬಾಜೂ ಕುಂತು ಹಣಿ ಮುಟ್ಟಿ ನೋಡಿದಾಕಿ ಇಕಿ ಒಬ್ಬಾಕಿನ. ಕಾಲಿಗೆ ಬೀಳು."

ಹುಡುಗಿ ಬಗ್ಗಿದಳು. ನಾನು ಅವಳ ತಲೆ ಮುಟ್ಟಿ ಹರಸಿ, ಚಹಾ ಮುಗಿಸಿ ಎದ್ದು ಬಂದೆ.

ವೈನಿ ತೀರಿಕೊಂಡು ಈಗ ಮೂರು ವರ್ಷ. ನನ್ನಿಂದ ಒಳ್ಳೆಯದಾಯಿತೆಂದು ನಂಬಿಕೊಂಡೇ ಆಕೆ ಹೋದಳು. ನಾನು ಹಾಗೇ ನಂಬಲು ಬಿಟ್ಟೆ.