ಸ್ಟಾಪು ಮರೆಸುವ ಕತೆ

ಕಾತ್ರಜದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ಈಗ ಹೆಸರಾಂತ ಪತ್ತೇದಾರಿ ಕಾದಂಬರಿಕಾರರು. ಅದನ್ನು ನೆನೆದರೆ ನನಗೆ ಇವತ್ತಿಗೂ ಹುಳಿತೇಗು ಬರುತ್ತದೆ. ಆಗ ನಾವಿಬ್ಬರೂ ವಿಮಾನ ನಗರದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಅವರು ಕಿವಿ ಎಳೆದುಕೊಳ್ಳುತ್ತ, ಪಕ್ಕದಲ್ಲಿ ಕೂತ ಅಪರಿಚಿತರಿಗೆ ಮರಾಠಿಯಲ್ಲಿ ಕೊಲೆಯ ಕತೆ ಹೇಳುತ್ತಿದ್ದರು. ಕೇಳುವವರು ತಮ್ಮ ಸ್ಟಾಪು ಮರೆತರೆ ಮಾತ್ರ ಅದನ್ನು ಮನೆಗೆ ಬಂದು ಕನ್ನಡದಲ್ಲಿ ಬರೆಯುತ್ತಿದ್ದರು. "ಇಳದ್ ಹೋದ್ರ ಕತಿ ಸತ್ತಂಗ್ರೀ" ಎನ್ನುತ್ತಿದ್ದರು.

ಅವರ ಮೊದಲ ಪುಸ್ತಕ ಬಂದಾಗ ನನ್ನ ಕಾದಂಬರಿ ಇನ್ನೂ ಕಪಾಟಿನಲ್ಲೇ ಇತ್ತು. ಯಾರಿಗೆ ಕಳಿಸಲೂ ನನಗೆ ಭಯ. ಕೊನೆಗೆ ಹೊಟ್ಟೆಕಿಚ್ಚೇ ಧೈರ್ಯ ಕೊಟ್ಟಿತು. ಒಂದು ಬೆಳಿಗ್ಗೆ ಬಸ್ಸು ಹತ್ತುವ ಮೊದಲು, "ಇವತ್ತು ನನ್ನ ಕತೆ ಕೇಳಿ. ನಿಮ್ಮ ಸ್ಟಾಪಿಗೆ ಇಳಿದುಹೋದರೆ ನಾನು ಬರೆಯೋದನ್ನೇ ಬಿಡ್ತೀನಿ" ಎಂದೆ.

"ಹೇಳ್ರಿ, ನೋಡೋಣು" ಎಂದರು.

ಅವರ ಸ್ಟಾಪು ಬಂತು, ಹೋಯಿತು. ಅವರು ಅಲ್ಲಾಡಲಿಲ್ಲ. ನಾನು ಉಬ್ಬಿಹೋದೆ. "ಸ್ಟಾಪ್ ಹೋತಲ್ರೀ, ನಿಮ್ಮ ಕತಿ ಭಾಳ ಹಿಡೀತು ನೋಡ್ರಿ" ಎಂದರು.

ಅಷ್ಟರಲ್ಲಿ ಟಿಕೆಟ್ ತಪಾಸಣೆಯವನು ಹತ್ತಿದ. ಅವರಿಗೆ ದಂಡ ಬೀಳುತ್ತದೆಂದು ನಾನು ಬೆವತೆ. ಅವರು ನಿಧಾನವಾಗಿ ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದರು. ಹತ್ತುವಾಗಲೇ ಅವರು ಕೊನೆಯ ಸ್ಟಾಪಿನವರೆಗಿನ ಟಿಕೆಟ್ಟನ್ನೇ ತೆಗೆದುಕೊಂಡಿದ್ದರು.