ಕಲ್ಲಂಗಡಿ ಎಂಬ ನಮ್ಮ ಪಬ್ಬು

ಬೇಸಿಗೆ ಕಾಲಿಟ್ಟಿತೆಂದರೆ ಚಿಕ್ಕಬಳ್ಳಾಪುರದ ಹೈವೇ ಪಕ್ಕದಲ್ಲಿ ಕಲ್ಲಂಗಡಿ ರಾಶಿಗಳು ಏಳುತ್ತವೆ. ಮೊನ್ನೆ ಬಸ್ಸಿಗೆ ಕಾಯುತ್ತ ಅಂಥದೊಂದು ರಾಶಿಯ ಪಕ್ಕ ನಿಂತಿದ್ದೆ. ಮಾರುವವನು ಒಂದು ಹಣ್ಣನ್ನು ತಟ್ಟಿ ನೋಡಿ ಚಾಕು ಹಾಕಿದ. ಆ ತಣ್ಣನೆಯ ವಾಸನೆ, ಸೌತೆಕಾಯಿಗೆ ದೂರದ ನೆಂಟಸ್ತಿಕೆ ಇರುವ ವಾಸನೆ, ಮೂಗಿಗೆ ಬಂದದ್ದೇ ತಡ, ನಾನು ಒಬ್ಬಳೇ ನಕ್ಕುಬಿಟ್ಟೆ.

"ಯಾಕಮ್ಮ, ಹಣ್ಣು ಕೆಂಪಗಿಲ್ವಾ?" ಎಂದ ಅವನು, ಸ್ವಲ್ಪ ನೊಂದು.

ಅವನಿಗೆ ಏನು ಹೇಳಲಿ? ನಿಮಗಾದರೆ ಹೇಳಬಹುದು. ಒಂದು ಕಾಲದಲ್ಲಿ ನನ್ನ ಪಾಲಿಗೆ ಕಲ್ಲಂಗಡಿ ಎಂದರೆ ಹಣ್ಣಲ್ಲ, ಪಬ್ಬು. ಶನಿವಾರ ಬಂತೆಂದರೆ ಅಲ್ಲಿಗೆ ಹೋಗುತ್ತಿದ್ದೆ, ಕುಡಿಯುತ್ತಿದ್ದೆ, ಒಂದೇ ಪೆಗ್ಗಿಗೆ ಅಮಲೇರಿ ಹಾಡುತ್ತಿದ್ದೆ. ಗಾಬರಿಯಾಗಬೇಡಿ. ಹೆಂಡದ ಒಂದು ಹನಿಯನ್ನೂ ನಾನು ಬಾಯಿಗೆ ಹಾಕಿದವಳಲ್ಲ. ಕೆಮ್ಮಿನ ಔಷಧಿ ಕುಡಿದರೇ ನನಗೆ ತಲೆ ತಿರುಗುತ್ತದೆ.

ಅದು ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷಗಳ ಮಾತು. ನಾನು ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೆ ಕುಂಕುಮ ಇಟ್ಟು, ಹೂ ಮುಡಿಸಿ, ಪ್ಲಾಸ್ಟಿಕ್ ಹೊದಿಕೆ ಹೊದಿಸಿದ್ದಾಯಿತು. ಮುಟ್ಟುವವರು ಮಾತ್ರ ಯಾರೂ ಇರಲಿಲ್ಲ. ಕೊನೆಗೆ, ಕಲಿತು ಬರಲಿ ಎಂದು, ಊರಿನಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಒಂದು ತರಬೇತಿಗೆ ನನ್ನನ್ನು ಅಟ್ಟಿದರು. ಅಲ್ಲಿ ಕಂಪ್ಯೂಟರ್‌ಗಳಿಗಿಂತ ಹೆಂಗಸರು ಹೆಚ್ಚು. ಹಾಗಾಗಿ ಅಕ್ಕಪಕ್ಕದ ಎರಡು ಮೆಷಿನ್ನುಗಳ ಮುಂದೆ ನಾವು ನಾಲ್ವರು ಒತ್ತಿಕೊಂಡು ಕೂತೆವು.

ನನ್ನ ಜೊತೆ ಕೂತವಳು ಚಿಂತಾಮಣಿಯ ನಾಗಮಣಿ. ಅವಳದು ರವಿಕೆ ಹೊಲಿಯುವ ಸ್ವಂತ ಅಂಗಡಿ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಪಕ್ಕದಲ್ಲಿ ಶಿಡ್ಲಘಟ್ಟದ ವಿಜಯ, ಒಬ್ಬಳು ಪುಟ್ಟ ಮಗಳ ತಾಯಿ. ಅವಳ ಗಂಡ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಸುವ ಕೆಲಸದವನು. ಆ ಕೆಲಸದ ಲೆಕ್ಕ ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿಯಲು ಬಂದಿದ್ದಳು. ನಾಲ್ಕನೆಯವಳು ಶಮೀಮ್, ಗೌರಿಬಿದನೂರಿನ ಹತ್ತಿರದ ಅಲೀಪುರದವಳು. ಆಗಷ್ಟೇ ಬಿ.ಕಾಂ. ಮುಗಿಸಿದ್ದ ಹುಡುಗಿ, ನಮ್ಮನ್ನೆಲ್ಲ ಅಕ್ಕಾ ಎನ್ನುತ್ತಿದ್ದಳು.

ತರಬೇತಿಯ ಕೊನೆಯ ದಿನ ಮೇಡಂ ನಮಗೆ ಚಾಟ್ ಮಾಡುವುದನ್ನು ತೋರಿಸಿದರು. ನಮ್ಮದೇ ಒಂದು ಕೋಣೆ ಮಾಡಿಕೊಂಡು, ನಮಗೆ ಬೇಕಾದವರನ್ನಷ್ಟೇ ಒಳಗೆ ಕರೆದುಕೊಳ್ಳಬಹುದು ಎಂದರು. ಮೊಳಕೈಗೆ ಮೊಳಕೈ ತಾಗುವಷ್ಟು ಹತ್ತಿರ ಕೂತಿದ್ದ ನಾವು "ಊಟ ಆಯ್ತಾ?" ಎಂದು ಪರದೆಯ ಮೇಲೆ ಕೇಳಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಶನಿವಾರ ಮಧ್ಯಾಹ್ನ ಎಲ್ಲರೂ ಆ ಕೋಣೆಗೆ ಬರುವುದೆಂದು ಮಾತಾಯಿತು.

ಶನಿವಾರ ನಮಗೆ ಅರ್ಧ ದಿನ ಕೆಲಸ. ಎಲ್ಲರೂ ಹೋದ ಮೇಲೆ ನಾನು ಕಚೇರಿಯಲ್ಲೇ ಉಳಿಯುತ್ತಿದ್ದೆ. ನಾಗಮಣಿ ಮಗನಿಗೆಂದು ಕೊಂಡ ಕಂಪ್ಯೂಟರಿನ ಮುಂದೆ ಮಗನನ್ನು ಎಬ್ಬಿಸಿ ಕೂರುತ್ತಿದ್ದಳು. ಶಮೀಮ್‌ಗೆ ಅಣ್ಣನದಿತ್ತು. ವಿಜಯ ಮಾತ್ರ ಗೂಡಿನ ಮಾರುಕಟ್ಟೆ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ, ಕಾಲೇಜು ಹುಡುಗರ ನಡುವೆ, ಸೆರಗು ಹೊದ್ದು ಕೂತು ಬರೆಯುತ್ತಿದ್ದಳು.

ಕನ್ನಡ ಅಕ್ಷರ ಮೂಡಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಆ ಅಕ್ಷರಗಳಿಗೋ ಲ-ಕಾರ, ಳ-ಕಾರದ ಭೇದ ತಿಳಿಯದು. ಮೊದಲ ಶನಿವಾರವೇ ನಾಗಮಣಿ, "ನಿಮ್ಮನೇಲಿ ಏನ್ ವ್ಯಾಪಾರಮ್ಮ?" ಎಂದು ಶಮೀಮ್‌ಳನ್ನು ಕೇಳಿದಳು. ಅವರ ಮನೆಯಲ್ಲಿ ಉಂಗುರಕ್ಕೆ ಕೂರಿಸುವ ಬಣ್ಣದ ಕಲ್ಲುಗಳನ್ನು ಉಜ್ಜಿ ಮಾರುತ್ತಿದ್ದರು. "ಕಲ್ಲು ವ್ಯಾಪಾರ ಅಕ್ಕ" ಎಂದು ಹುಡುಗಿ ಬರೆದಳು. ನಾಗಮಣಿ ಅದನ್ನು ಕಳ್ಳು ಎಂದು ಓದಿಕೊಂಡಳು.

"ಅಯ್ಯೋ ರಾಮಾ! ನಿಮ್ಮೋರು ಮುಟ್ಟಲ್ಲ ಅಂತಾರಲ್ಲೇ?"

"ಮುಟ್ಟದೆ ಹೆಂಗಕ್ಕಾ? ಅಬ್ಬಾ ದಿನಾ ಬೆಳಿಗ್ಗೆ ಎದ್ದು ಅದೇ ಕೆಲಸ. ನಾನೂ ಉಜ್ಜಿದೀನಿ."

"ಉಜ್ಜೋದಾ? ಎಲ್ಲಿಗೇ?"

ವಿಷಯ ಬಗೆಹರಿಯುವ ಹೊತ್ತಿಗೆ ನಾನು ಕುರ್ಚಿಯ ಮೇಲೆ ನೆಟ್ಟಗೆ ಕೂರುವ ಸ್ಥಿತಿಯಲ್ಲಿರಲಿಲ್ಲ. "ಹಂಗಾದ್ರೆ ನಮ್ಮ ಕೋಣೆಗೆ ಕಳ್ಳಂಗಡಿ ಅಂತಲೇ ಹೆಸರಿಡಣ" ಎಂದು ವಿಜಯ ಬರೆದಳು. ಅದೂ ಇಂಗ್ಲಿಷ್ ಅಕ್ಷರದಲ್ಲಿ ಕಲ್ಲಂಗಡಿಯಾಗಿ ಕೂತಿತು. ಯಾರಾದರೂ ಇಣುಕಿದರೂ ಹಣ್ಣು ಎಂದುಕೊಳ್ಳುವ ಹೆಸರು. ನಾಗಮಣಿ ಮಾತ್ರ, "ನಾವು ಮರ್ಯಾದಸ್ತರು ಕಣ್ರೇ, ಅಂಗಡಿ ಗಿಂಗಡಿ ಅನ್ಬೇಡಿ, ಪಬ್ಬು ಅನ್ನಿ" ಎಂದು ತಿದ್ದಿದಳು.

ಕೌಂಟರ್ ಶಮೀಮ್‌ಳದು. "ನಾನು ಕುಡಿಯಲ್ಲಪ್ಪ. ಟೈಪ್ ಮಾಡಿ ಕೊಡ್ತೀನಿ, ಅಷ್ಟಕ್ಕೆ ಪಾಪ ಬರಲ್ಲ" ಎಂದಳು. ಮೊಹರಂ ತಿಂಗಳಲ್ಲಿ ಪಬ್ಬು ಮುಚ್ಚಿರುತ್ತಿತ್ತು. ನಾವೂ ಚಕಾರ ಎತ್ತುತ್ತಿರಲಿಲ್ಲ. ಉಳಿದಂತೆ ಅವಳ ಕೈಗುಣವೇ ಕೈಗುಣ. ನನಗೆ ಸೂಪರಿಂಟೆಂಡೆಂಟ್ ಬೈದ ವಾರ ಬೆಲ್ಲ ಹಾಕಿದ ಬ್ರಾಂದಿ. ನಾಗಮಣಿಗೆ ಗಿರಾಕಿಯೊಬ್ಬಳು ರವಿಕೆ ಬಿಗಿ ಎಂದು ಜಗಳವಾಡಿದ ದಿನ, "ಸಡಿಲಾಗೋಕೆ ಎರಡು ಪೆಗ್ ಅಕ್ಕ". ನಾಗಮಣಿಗೆ ಕುಡಿಯುವುದಕ್ಕಿಂತ ನಂಚಿಕೊಳ್ಳುವುದರ ಮೇಲೇ ಕಣ್ಣು. ಇಲ್ಲದ ಪಬ್ಬಿನಲ್ಲಿ ಇಲ್ಲದ ಮೆಣಸಿನಕಾಯಿ ಬಜ್ಜಿಗೆ ಉಪ್ಪು ಕಡಿಮೆ ಎಂದು ವಾಪಸ್ ಕಳಿಸಿದ ಹೆಂಗಸು ಅವಳು.

ನಮ್ಮೆಲ್ಲರಿಗಿಂತ ಚೆನ್ನಾಗಿ ಕುಡಿಯುತ್ತಿದ್ದವಳು ವಿಜಯ. ಅವಳು ಬಂದಳೆಂದರೆ ಅಕ್ಷರಗಳೇ ತೂರಾಡುತ್ತಿದ್ದವು. "ನಾನ್ ಕುಡ್ದಿಲ್ಲ ಕಣೇ, ನೆಲ ಕುಡ್ದೈತೆ, ಅದನ್ನ ಹಿಡ್ಕೊಳ್ರೇ" ಎನ್ನುವಳು. ಬಾಗಿಲಿಗೆ ಕೈಮುಗಿದು, "ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್, ನಾನು ಒಳಗೆ ಹೋಗ್ಬೇಕು" ಎನ್ನುವಳು. ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಇಡೀ ಊರಿನಲ್ಲಿ ಹುಡುಕುವಳು. ಇಂಥ ಕಲೆ ಇವಳಿಗೆ ಎಲ್ಲಿಂದ ಬಂತು ಎಂದು ನಾವು ಮೆಚ್ಚುತ್ತಿದ್ದೆವು, ಇನ್ನಷ್ಟು ಕುಡಿಸುತ್ತಿದ್ದೆವು.

ನಡುವೆ ನಮ್ಮ ಯಜಮಾನರ ಒಂದು ಮಾತು ಹೇಳಿಬಿಡುತ್ತೇನೆ. ಒಂದು ಶನಿವಾರ ನನ್ನನ್ನು ಕರೆದೊಯ್ಯಲು ಕಚೇರಿಗೆ ಬಂದವರು ಪರದೆಯ ಮೇಲಿನ ಹೆಸರು ಓದಿದರು. ಏನೂ ಕೇಳಲಿಲ್ಲ. ಮಾರನೆಯ ವಾರ ಒಂದು ದೊಡ್ಡ ಕಲ್ಲಂಗಡಿ ಹೊತ್ತು ಬಂದರು. "ನಿಂಗಿಷ್ಟ ಅಂತ ಗೊತ್ತೇ ಇರ್ಲಿಲ್ಲ ನೋಡು" ಎಂದರು. ಆಮೇಲೆ ಪ್ರತಿ ಬೇಸಿಗೆಯೂ ತಂದರು. ನನಗೆ ಆ ಹಣ್ಣು ಅಷ್ಟಕ್ಕಷ್ಟೇ. ಆದರೂ ತಿಂದೆ. ಏನೆಂದು ಬಿಡಿಸಿ ಹೇಳಲಿ?

ಹೀಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಒಂದು ಶನಿವಾರ ವಿಜಯ ತಡವಾಗಿ ಬಂದಳು. ಬರೆಯುವುದೂ ತುಂಬಾ ನಿಧಾನ. ಒಂದೊಂದು ಅಕ್ಷರಕ್ಕೂ ನಾವು ಕಾಯಬೇಕು. "ಇವತ್ತು ಬರುವಾಗಲೇ ಜಾಸ್ತಿ ಹಾಕ್ಕೊಂಡು ಬಂದವ್ಳೆ" ಎಂದು ನಾಗಮಣಿ ಕಿಚಾಯಿಸಿದಳು. "ಆ ಬಾಗಿಲಿಗೆ ಕೈಮುಗಿಯೋದು ಇನ್ನೊಂದ್ಸಲ ಮಾಡೇ" ಎಂದು ನಾನು ಕೇಳಿದೆ.

ಆಮೇಲೆ ನೆಟ್ಟಗಿನ, ತೂರಾಡದ ಅಕ್ಷರಗಳು ಬಂದವು.

"ಅದು ನಾನು ಕಟ್ಟಿ ಹೇಳಿದ್ದಲ್ಲ. ನಮ್ಮೆಜಮಾನ್ರು ದಿನಾ ಹಂಗೇ ಅಂತಾರೆ. ನಿನ್ನೆ ಅದೇ ಬಾಗಿಲು ಹಾಕಿದ್ರು. ನನ್ನ ಕೈ ಸಂದೀಲಿತ್ತು. ಒಂದೇ ಕೈಲಿ ಬರೀತಿದೀನಿ, ಅದಕ್ಕೇ ನಿಧಾನ."

ಅಷ್ಟು ಬರೆದು ಅವಳು ಹೊರಟುಹೋದಳು. ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿತು. ನಗಲು ತೆರೆದ ಬಾಯನ್ನು ಮುಚ್ಚಿಕೊಂಡದ್ದು ನನಗೆ ಇನ್ನೂ ನೆನಪಿದೆ. ಕೊನೆಗೆ ಶಮೀಮ್ ಬರೆದಳು: "ನಾಳೆ ಹೋಗಣ ಅಕ್ಕಾ. ಈ ಸಲ ನಿಜವಾಗ್ಲೂ ಹೋಗಣ."

ಭಾನುವಾರ ಶಮೀಮ್ ತನ್ನ ಅಮ್ಮಿಯನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದಳು. ಮೂವರೂ ಶಿಡ್ಲಘಟ್ಟದ ಬಸ್ಸು ಹತ್ತಿದೆವು. ಆ ಕಡೆಯಿಂದ ನಾಗಮಣಿ ಬಂದು ಬಸ್‌ಸ್ಟ್ಯಾಂಡಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. "ಅವನು ಎದುರಿಗೆ ಬರ್ಲಿ, ಎರಡು ಭಾಷೇಲೂ ಕೊಡ್ತೀನಿ" ಎಂದಳು.

ಅವನು ಎದುರಿಗೇ ಬಂದ. ಸಣಕಲು ಮನುಷ್ಯ. ಬೆಂದ ಗೂಡಿನ ವಾಸನೆ ತುಂಬಿದ ಆ ಮನೆಯಲ್ಲಿ ನಮಗೆ ಕುರ್ಚಿ ಒರೆಸಿ ಹಾಕಿದ. ಅಮ್ಮಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದ. ವಿಜಯಳ ಬಲಗೈಗೆ ದಪ್ಪ ಬ್ಯಾಂಡೇಜು ಇತ್ತಾದ್ದರಿಂದ ಕಾಫಿ ಅವನೇ ಮಾಡಿ ತಂದ. ಚೆನ್ನಾಗಿ ಬೈಯಬೇಕೆಂದು ಬಂದಿದ್ದ ನಾಗಮಣಿ ಅವನನ್ನೂ ಲೋಟವನ್ನೂ ನೋಡಿ, "ಇಷ್ಟು ಒಳ್ಳೆ ಕಾಫಿ ಮಾಡ್ತೀಯಲ್ಲಪ್ಪ, ಸಂಜೆ ಆದ್ರೆ ಏನಾಗುತ್ತೆ ನಿಂಗೆ?" ಎಂದಳು.

ಅವನು ನೆಲ ನೋಡುತ್ತ ನಿಂತ. "ಗೊತ್ತಿಲ್ಲಕ್ಕ" ಎಂದ. ಸುಳ್ಳು ಹೇಳಿದಂತೆ ಕಾಣಲಿಲ್ಲ.

ವಿಜಯ ನಮ್ಮನ್ನು ಮಹಡಿಗೆ ಕರೆದೊಯ್ದಳು. ಅಲ್ಲಿ ನಾನು, ಹಿರಿಯಳೆಂಬ ಜವಾಬ್ದಾರಿಯಿಂದ, ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತು ತೆಗೆದೆ. "ಆ ಪಬ್ಬು ಮುಚ್ಚಿಬಿಡಣ ವಿಜಯಾ. ನಿನ್ನ ಮನೇಲಿ ಇಂಥದ್ದು ನಡೀತಿರುವಾಗ ನಮ್ಗೆ ಆ ಆಟ ಬೇಡ."

ಗಂಡನ ಮೇಲೆ ಸಿಟ್ಟಾಗದಿದ್ದ ವಿಜಯ ನನ್ನ ಮೇಲೆ ಸಿಟ್ಟಾದಳು.

"ಯಾಕೆ ಮುಚ್ತೀರ? ನಂಗಿರೋದು ಅದೊಂದು ಜಾಗ. ಅಲ್ಲಿ ಕುಡಿದೋರು ಯಾರೂ ಕೈ ಎತ್ತಲ್ಲ. ಎಲ್ರೂ ಕುಡಿದು ಹಾಡ್ತೀರ, ಬಜ್ಜಿಗೆ ಜಗಳ ಆಡ್ತೀರ, ಮನೆಗೋಗ್ತೀರ. ವಾರವೆಲ್ಲ ಇಲ್ಲಿ ನಡೆದದ್ದನ್ನ ಅಲ್ಲಿ ತಂದು ಹಾಕ್ತಿದ್ದೆ. ನೀವು ನಗ್ತಿದ್ರಿ. ನೀವು ನಕ್ಕ ಮೇಲೆ ಅದು ಅಷ್ಟು ದೊಡ್ಡದು ಅನ್ನಿಸ್ತಿರ್ಲಿಲ್ಲ ಅಕ್ಕ."

ಕನ್ನಡ ಅರ್ಧಂಬರ್ಧ ಬರುತ್ತಿದ್ದ ಅಮ್ಮಿ ಎದ್ದು ಹೋಗಿ ಅವಳ ಬ್ಯಾಂಡೇಜಿನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು. ಮಾತಾಡಿದವಳು ನಮ್ಮೆಲ್ಲರಿಗಿಂತ ಚಿಕ್ಕವಳಾದ ಶಮೀಮ್.

"ಅಂಗಡಿ ತೆಗೆದೇ ಇರುತ್ತೆ ಅಕ್ಕಾ. ಆದ್ರೆ ನಿಜವಾಗಿ ಆಗಿದ್ದನ್ನ ಮೊದ್ಲು ನಿಜ ಅಂತ ಹೇಳ್ಬೇಕು. ಆಮೇಲೆ ಬೇಕಾದ್ರೆ ನಗಿಸಿ. ನಾವು ಗೊತ್ತಿದ್ದೇ ನಗ್ತೀವಿ."

ಮುಂದಿನ ಶನಿವಾರದಿಂದ ಪಬ್ಬಿನ ರೀತಿಯೇ ಬದಲಾಯಿತು. ಆಶ್ಚರ್ಯವೆಂದರೆ ಹೇಳಿಕೊಳ್ಳುವಂಥದ್ದು ವಿಜಯಳ ಬಳಿ ಮಾತ್ರ ಇರಲಿಲ್ಲ. ಬಂದ ಗಂಡುಗಳನ್ನೆಲ್ಲ ಬೇಡವೆನ್ನುತ್ತ ಬೇಡವೆನ್ನುತ್ತ ಅಬ್ಬಾನ ಮುಖ ನೋಡಲಾಗುತ್ತಿಲ್ಲ ಎಂದಳು ಶಮೀಮ್. ಗಂಡ ತನ್ನೊಡನೆ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ, ಸಾರಿಗೆ ಉಪ್ಪು ಹೆಚ್ಚಾದರೂ ಮಗನ ಮೂಲಕವೇ ಹೇಳಿ ಕಳಿಸುತ್ತಾನೆ ಎಂದಳು ನಾಗಮಣಿ. ಇಲಾಖೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಮನೆಯಲ್ಲಿ ಕಟ್ಟಿಯೇ ಇಲ್ಲ ಎಂದು ನಂಬಿಸಿದ್ದನ್ನು ನಾನೂ ಹೇಳಿದೆ. ಶಮೀಮ್ ಎಲ್ಲರಿಗೂ ಸುರಿದು ಕೊಟ್ಟಳು. ನಾವು ನಕ್ಕೆವು. ಮೊದಲಿಗಿಂತ ಹೆಚ್ಚೇ ನಕ್ಕೆವೆಂದು ನೆನಪು.

ಕೆಲವು ತಿಂಗಳ ನಂತರ ವಿಜಯ ಬರೆದಳು: "ನಿಜ. ಬಟ್ಟೆ ಜೋಡಿಸ್ಕೊಂಡಿದೀನಿ. ಮಗಳೂ ರೆಡಿ. ಎಲ್ಲಿಗೆ ಅಂತ ಗೊತ್ತಿಲ್ಲ." ನಾಗಮಣಿಯ ಉತ್ತರ ತೆಲುಗಿನಲ್ಲೇ ಬಂತು: "ರಾ." ಬಾ ಎಂದು. ಆ ಒಂದೇ ಅಕ್ಷರಕ್ಕೆ ಲ-ಕಾರ ಳ-ಕಾರದ ಗೊಂದಲವೇನೂ ಇರಲಿಲ್ಲ.

ಚಿಂತಾಮಣಿಯಲ್ಲಿ, ನಾಗಮಣಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳು ನೆಲೆಯಾದರು. ವಿಜಯ ಸೀರೆಗೆ ಕುಚ್ಚು ಹಾಕಲು ಕಲಿತಳು. ಒಂದು ಬೆರಳು ಪೂರ್ತಿ ಮಡಚದಿದ್ದರೂ ರೇಷ್ಮೆ ಎಳೆ ಅವಳ ಮಾತು ಕೇಳುತ್ತಿತ್ತು. ಗಂಡ ಕರೆಯಲು ಬಂದ, ಅತ್ತ. ಅವಳು ಹೋಗಲಿಲ್ಲ. ಬಾಗಿಲನ್ನೂ ಹಾಕಲಿಲ್ಲ. "ಕುಡೀದೆ ಇರೋ ಭಾನುವಾರ ಬಂದು ಮಗಳನ್ನ ನೋಡು. ಕುಡಿದಿದ್ರೆ ಬಸ್ ಹತ್ಬೇಡ" ಎಂದಳು. ಆ ಮಾತನ್ನು ಅವನು ಮುರಿಯಲಿಲ್ಲ. ಎಷ್ಟೋ ಭಾನುವಾರ ಬಂದ. ಎಷ್ಟೋ ಭಾನುವಾರ ಬರಲಿಲ್ಲ. ಬರದ ದಿನ ಅವಳು ಯಾಕೆಂದು ಯಾರನ್ನೂ ಕೇಳದೆ ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಕಾಲ ಕಳೆದಂತೆ ಬಂದ ಭಾನುವಾರಗಳೇ ಹೆಚ್ಚಾದವು. ಆದರೂ ಅವಳು ವಾಪಸ್ ಹೋಗಲಿಲ್ಲ.

ಶಮೀಮ್ ತನಗೆ ಒಪ್ಪಿಗೆಯಾದವನನ್ನೇ ಮದುವೆಯಾಗಿ ಗೌರಿಬಿದನೂರಿನಲ್ಲಿ ಟೀಚರಾದಳು. ಆ ಚಾಟಿನ ವ್ಯವಸ್ಥೆಯೇ ಒಂದು ದಿನ ನಿಂತುಹೋಯಿತು. ನಮ್ಮ ಪಬ್ಬೂ ಅದರೊಂದಿಗೆ ಹೋಯಿತು. ಈಗ ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಬೆಳಗಾದರೆ ಶುಭೋದಯದ ಗುಲಾಬಿಗಳು ಬಂದು ಬೀಳುತ್ತವೆ. ಹೆಚ್ಚಿನವು ನನ್ನವೇ, ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಆ ಕಲ್ಲಂಗಡಿ ರಾಶಿಯ ಬಳಿಯಿಂದ ಮನೆಗೆ ಬಂದವಳು ಗುಲಾಬಿ ಕಳಿಸುವ ಬದಲು ವಿಜಯಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿದೆವು. ಮಾತಿನ ಮಧ್ಯೆ ನಮ್ಮ ಯಜಮಾನರ ಮರೆವಿನ ಕತೆಗಳನ್ನು ತೆಗೆದೆ. ಈಚೆಗೆ ನೆಂಟರ ನಡುವೆ ಆ ಕತೆಗಳಿಗೆ ಬಹಳ ಬೇಡಿಕೆ, ನಾನು ಚೆನ್ನಾಗಿ ಹೇಳುತ್ತೇನೆಂದು ಹೆಸರು. ಪೇಪರ್ ತರಲು ಹೋದವರು ಪಕ್ಕದ ಮನೆಯ ಜಗಲಿಯ ಮೇಲೆ ಕೂತು, ನಮ್ಮ ಮನೆ ಎಲ್ಲಿ ಎಂದು ಆ ಮನೆಯವರನ್ನೇ ಕೇಳಿದ್ದು. ಅಡುಗೆಮನೆಗೆ ಬಂದು, "ಊಟ ಚೆನ್ನಾಗಿತ್ತಮ್ಮ, ನಿಮ್ಮ ಯಜಮಾನ್ರು ಯಾವಾಗ ಬರ್ತಾರೆ?" ಎಂದು ನನ್ನನ್ನೇ ವಿಚಾರಿಸಿದ್ದು. ಅವರ ದನಿಯನ್ನೇ ತೆಗೆದು ಹೇಳಿದೆ. ನಗುವಿಗಾಗಿ ಒಂದಿಷ್ಟು ನಿಲ್ಲಿಸಿದೆ.

ಆ ಕಡೆಯಿಂದ ನಗು ಬರಲಿಲ್ಲ.

"ಯಾವಾಗಿಂದ ಅಕ್ಕ?" ಎಂದಳು ವಿಜಯ.

ಇಷ್ಟು ದಿನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನಾನು ಫೋನು ಹಿಡಿದುಕೊಂಡೇ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ನಿಜ ಏನೆಂದು ಮೊದಲಿನಿಂದ ಹೇಳತೊಡಗಿದೆ.